ಜರ್ಮನಿಯ ಬಾಕು, ಕೊಡಗಿನ ಪೀಚೆಕತ್ತಿ

“ಸಾ, ನಮ್ಮಪ್ಪ ಒಂದು ಕತ್ತಿ ತಕ್ಕಂಡವರ. ಜರ್ಮನಿ ಕತ್ತಿಯಂತ. ಅಸಲೀನಾ ಅಂತ ನೀವು ಒಂದ್ಸಲ ನೋಡ್ಬೇಕು ಸಾ.”

ಒಂದು ಶನಿವಾರ ಮಧ್ಯಾಹ್ನ ನಾವು ಶಾಲೆಗೆ ಬೀಗ ಹಾಕುತ್ತಿದ್ದಾಗ ಗೇಟಿನ ಹತ್ತಿರ ನಿಂತಿದ್ದ ನಮ್ಮ ಹಳೆಯ ವಿದ್ಯಾರ್ಥಿನಿ ಹೀಗೆ ಕೇಳಿದಳು. ನಮಗೆ ಮೊದಲು ನಗು ಬಂತು. ದೊಡ್ಡಗಾಜನೂರೆಲ್ಲಿ, ಜರ್ಮನಿಯೆಲ್ಲಿ! ಆದರೆ ಹುಡುಗಿಯ ಮುಖದಲ್ಲಿ ನಗುವಿರಲಿಲ್ಲ. ಎರಡು ಹಸು ಮಾರಿದ ದುಡ್ಡು ಮನೆಯಲ್ಲಿತ್ತಂತೆ. ಅವಳ ನರ್ಸಿಂಗ್ ಕಾಲೇಜಿನ ಫೀಸಿಗೆಂದು ಇಟ್ಟದ್ದು. ಅದರಲ್ಲಿ 10,000 ರೂಪಾಯಿ ಆಗಲೇ ಮುಂಗಡವಾಗಿ ಹೋಗಿದೆ, ಇನ್ನು 30,000 ಬರುವ ಬುಧವಾರ ಕೊಡಬೇಕು, ಜೊತೆಗೆ ಮನೆಯಲ್ಲಿರುವ ತಾತನ ಹಳೇ ಕತ್ತಿಯನ್ನೂ ಕೊಡಬೇಕು ಅಂತ ಮಾತಾಗಿದೆ.

ಹಳೇ ಕತ್ತಿಯನ್ನೂ ಯಾಕೆ? ಆ ಪ್ರಶ್ನೆ ನಮಗೆ ಅವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಗಡಿ ಸೀಮೆಯವರಿಗೆ ಇಂಥ ವ್ಯಾಪಾರ ಹೊಸದಲ್ಲ. ಎರಡು ತಲೆ ಹಾವು, ರೈಸ್ ಪುಲ್ಲಿಂಗ್ ಚೊಂಬು, ಇರಿಡಿಯಂ, ಹನುಮಂತನ ಚಿತ್ರದ ನಾಣ್ಯ... ಒಂದೊಂದು ಕಾಲಕ್ಕೆ ಒಂದೊಂದು ಬರುತ್ತವೆ. ಎಲ್ಲದರ ಕಥೆಯೂ ಒಂದೇ. ಒಬ್ಬ ವಸ್ತು ತಂದು ತೋರಿಸುತ್ತಾನೆ. ಇನ್ನೊಬ್ಬ ಫೋನಿನಲ್ಲಿ “ನಾನು ಬೆಂಗಳೂರಿನಿಂದ, 4 ಲಕ್ಷಕ್ಕೆ ತಗೋತೀನಿ, ಆದ್ರೆ ನೀವೇ ತಂದುಕೊಡ್ಬೇಕು” ಅನ್ನುತ್ತಾನೆ. ನಡುವೆ ಸಿಕ್ಕಿಕೊಳ್ಳುವವನು ನಮ್ಮ ರೈತ. ಈ ಸಲ ಬಂದದ್ದು ಕತ್ತಿ. 2023ರ ಮೇ ತಿಂಗಳಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್ ಹರಾಜಿನಲ್ಲಿ ಟಿಪ್ಪುವಿನ ಕತ್ತಿ 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತಲ್ಲ, ಆ ಸುದ್ದಿ ನಮ್ಮ ಟೀ ಅಂಗಡಿಗಳಿಗೂ ಬಂದಿತ್ತು. ನಮ್ಮ ರೂಪಾಯಿಯಲ್ಲಿ 140 ಕೋಟಿಗೂ ಮೇಲೆ! ಒಂದು ಕಬ್ಬಿಣದ ತುಂಡಿಗೆ ಅಷ್ಟು ದುಡ್ಡು ಅಂತ ಕೇಳಿದವನಿಗೆ 4 ಲಕ್ಷ ದೊಡ್ಡದಾಗಿ ಕಾಣುವುದಿಲ್ಲ.

ಸರಿ, ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದೆವು. ನಾವು ಅಂದರೆ ಸಮಾಜ ಪಾಠದವರು, ವಿಜ್ಞಾನದ ಟೀಚರು, ಮತ್ತು ದಾರಿಯಲ್ಲಿ ಸಿಕ್ಕಿ “ಏನ್ ಸಾ ಏನ್ ಸಾ” ಅಂತ ಹಿಂದೆ ಬಿದ್ದ ಏಳನೇ ಕ್ಲಾಸಿನ ನಾಲ್ಕು ಹುಡುಗರು.

ಹುಡುಗಿಯ ಅಪ್ಪ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಬಾಕನ್ನು ತಂದು ಜಗುಲಿಯ ಮೇಲೆ ಇಟ್ಟರು. ನೋಡುವುದಕ್ಕೆ ಭರ್ಜರಿಯಾಗಿತ್ತು ಅಂತ ಒಪ್ಪಿಕೊಳ್ಳಲೇಬೇಕು. ಸುಮಾರು ಒಂದು ಮೊಳ ಉದ್ದ. ಹಿಡಿಗೆ ಜಿಂಕೆ ಕೊಂಬಿನಂಥದ್ದು. ಹಿತ್ತಾಳೆಯ ಅಡ್ಡಪಟ್ಟಿ, ಅದರ ಎರಡು ತುದಿಗೂ ಜಿಂಕೆಯ ಗೊರಸಿನ ಆಕಾರ. ಮಧ್ಯದಲ್ಲಿ ಕಪ್ಪೆಚಿಪ್ಪಿನಂಥ ಒಂದು ತಟ್ಟೆ, ಅದರ ಮೇಲೆ ಓಡುವ ಸಾರಂಗ. ಅಲಗಿನ ಮೇಲೆ ನಾಯಿಗಳು ಹಂದಿಯನ್ನು ಅಟ್ಟಿಸಿಕೊಂಡು ಹೋಗುವ ಚಿತ್ರ, ಅದರ ಪಕ್ಕ 1845 ಅಂತ ಇಸವಿ. ಬ್ರೋಕರ್ ಹೇಳಿದ ಪ್ರಕಾರ ಜರ್ಮನ್ ದೊರೆಯೊಬ್ಬ ನಮ್ಮ ಕಾಡಿಗೆ ಬೇಟೆಗೆ ಬಂದಾಗ ಯಾವುದೋ ಬಂಗಲೆಯಲ್ಲಿ ಬಿಟ್ಟುಹೋದದ್ದು.

ಈ ಕಥೆ ಪೂರ್ತಿ ತಳಬುಡ ಇಲ್ಲದ್ದೂ ಅಲ್ಲ, ಅದೇ ಕಷ್ಟ. ನಮ್ಮ ಸೀಮೆಗೆ ಬೇಟೆಯ ದೊರೆಗಳು ಬಂದದ್ದು ನಿಜ. 1870ರ ದಶಕದಲ್ಲಿ ಚಾಮರಾಜನಗರದ ಕಡೆ ಆನೆ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ ಸಾಹೇಬರು 1878ರಲ್ಲಿ ಆ ಅನುಭವವನ್ನೆಲ್ಲ ಪುಸ್ತಕ ಮಾಡಿದರು. ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ನಮ್ಮ ಮಕ್ಕಳು ಓದಿದ್ದಾರೆ. ಕನ್ನಡ ನಾಡಿಗೂ ಜರ್ಮನ್ ಭಾಷೆಯವರಿಗೂ ನಂಟು ಹೊಸದಲ್ಲ. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು, ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾಯಿತು. ಸುಳ್ಳು ಹೇಳುವವನು ಇಂಥ ನಿಜಗಳ ನೆರಳಿನಲ್ಲೇ ನಿಂತು ಹೇಳುತ್ತಾನೆ ನೋಡಿ.

ಮೊದಲ ಪರೀಕ್ಷೆಯಲ್ಲಿ ನಾವೇ ಎಡವಿದೆವು. ವಿಜ್ಞಾನದ ಟೀಚರು ಲ್ಯಾಬಿನ ಆಯಸ್ಕಾಂತ ತಂದಿದ್ದರು. ಅಲಗಿಗೆ ಹಿಡಿದರೆ ಟಪ್ ಅಂತ ಕಚ್ಚಿಕೊಂಡಿತು. ಹಿತ್ತಾಳೆಗೆ ಹಿಡಿದರೆ ಕಚ್ಚಲಿಲ್ಲ. ಹುಡುಗಿಯ ಅಪ್ಪನ ಮುಖ ಅರಳಿತು. “ನೋಡ್ದ್ರಾ ಮೇಷ್ಟ್ರೇ, ಅಸಲಿ ಉಕ್ಕು!” ನಾವೂ ಹೂಂ ಅಂದುಬಿಟ್ಟೆವು. ಸಂಜೆ ಮನೆಗೆ ಬಂದು ಕೂತು ಯೋಚಿಸಿದಾಗ ತಪ್ಪು ಗೊತ್ತಾಯಿತು. ಆಯಸ್ಕಾಂತ ಹೇಳುವುದು ಇದು ಕಬ್ಬಿಣದ ಜಾತಿ ಅಂತ ಮಾತ್ರ. ನಿನ್ನೆ ಮಾಡಿದ ಕಬ್ಬಿಣವೂ ಕಚ್ಚುತ್ತದೆ, ಇನ್ನೂರು ವರ್ಷದ್ದೂ ಕಚ್ಚುತ್ತದೆ. ಚಾಕು ಚೂರಿಗೆ ಬಳಸುವ ಸ್ಟೇನ್‌ಲೆಸ್ ಸ್ಟೀಲ್ ಕೂಡ ಕಚ್ಚುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಬಂದದ್ದೇ 1912-13ರ ಸುಮಾರಿಗೆ, ಅದಕ್ಕೆ ಮೊದಲು ಅದು ಇರಲೇ ಇಲ್ಲ.

ಆ ಎರಡು ರಾತ್ರಿ ನಾವು ಮೊಬೈಲಿನಲ್ಲಿ ಮ್ಯೂಸಿಯಂಗಳ, ಹರಾಜು ಮನೆಗಳ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದ್ದೇ ನೋಡಿದ್ದು. ಗೊತ್ತಾದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ, ಯಾರ ಮನೆಗೆ ಯಾವಾಗ ಬೇಕಾಗುತ್ತದೋ.

ಜರ್ಮನಿಯಲ್ಲಿ ಈ ಜಾತಿಯ ಬಾಕಿಗೆ ಹಿರ್ಷ್‌ಫೆಂಗರ್ ಅನ್ನುತ್ತಾರೆ. ‘ಸಾರಂಗ ಹಿಡಿಯುವುದು’ ಅಂತ ಅರ್ಥ. ಗಾಯಗೊಂಡು ಬಿದ್ದ ಸಾರಂಗಕ್ಕೋ ಹಂದಿಗೋ ಕೊನೆಯ ತಿವಿತ ಕೊಟ್ಟು ನರಳಾಟ ನಿಲ್ಲಿಸುವುದು ಇದರ ಕೆಲಸ. ಬಂದೂಕು ಸುಧಾರಿಸಿದ ಮೇಲೆ ಆ ಕೆಲಸ ಕಡಿಮೆಯಾಯಿತು. 19ನೇ ಶತಮಾನದಲ್ಲಿ ಇದು ಫಾರೆಸ್ಟ್ ಇಲಾಖೆಯವರ ಯೂನಿಫಾರ್ಮಿನ ಸೊಂಟಕ್ಕೆ ಬಂತು. ಅಂದರೆ ಬಹುಪಾಲು ಶೃಂಗಾರದ ಸಾಮಾನು. ಮಾಡುತ್ತಿದ್ದದ್ದು ಹೆಚ್ಚಾಗಿ ಜೋಲಿಂಗೆನ್ ಎಂಬ ಊರಿನಲ್ಲಿ. ನಮ್ಮ ಚನ್ನಪಟ್ಟಣಕ್ಕೆ ಬೊಂಬೆ ಹೇಗೋ ಆ ಊರಿಗೆ ಅಲಗು ಹಾಗೆ. ಕತ್ತಿ ಮಾಡುವ ಒಂದೊಂದು ಮನೆತನಕ್ಕೂ ಒಂದೊಂದು ಮುದ್ರೆ. ಐಕ್‌ಹಾರ್ನ್ ಕಂಪನಿಗೆ ಅಳಿಲು, ಆಲ್ಕೋಸೋ ಅಂತ ಕರೆಯುವ ಕಂಪನಿಗೆ ತಕ್ಕಡಿ. 1930ರ ದಶಕದಲ್ಲಿ ಹಿಟ್ಲರನ ಸರ್ಕಾರದ ಬೇಟೆಗಾರರ ಸಂಘದ ಲಾಂಛನದಲ್ಲಿ ಸಾರಂಗದ ಕೊಂಬುಗಳ ನಡುವೆ ಸ್ವಸ್ತಿಕ ಇತ್ತು. ಯುದ್ಧ ಮುಗಿದ ಮೇಲೆ ಅಮೆರಿಕದ ಸಿಪಾಯಿಗಳು ಇವನ್ನೆಲ್ಲ ಚೀಲ ತುಂಬಿಕೊಂಡು ಹೋದರು. ಸಂಗ್ರಹಕಾರರು ಹುಟ್ಟಿಕೊಂಡರು, ಬೆಲೆ ಏರಿತು, 1960ರ ದಶಕದ ಹೊತ್ತಿಗೆ ನಕಲುಗಳೂ ಹುಟ್ಟಿಕೊಂಡವು. (ಇಂಥದ್ದನ್ನು ನಮ್ಮೂರಿಗೆ ತಂದರೆ ಸ್ವಸ್ತಿಕ ತೋರಿಸಿ ‘ಹಿಂದೂ ರಾಜರದ್ದು’ ಅಂತಲೂ ಮಾರಬಹುದು, ಯೋಚಿಸಿ!)

ಇನ್ನು ನಗಬೇಕೋ ಅಳಬೇಕೋ ಅನ್ನುವ ವಿಷಯ. ಈ ನಕಲುಗಳನ್ನು ಮಾಡುವುದರಲ್ಲಿ ನಮ್ಮ ದೇಶದವರ ಕೈ ಚೆನ್ನಾಗಿಯೇ ಪಳಗಿದೆ. ಡೆಹ್ರಾಡೂನಿನಲ್ಲಿ 1943ರಲ್ಲಿ ಶುರುವಾದ ವಿಂಡ್ಲಾಸ್ ಕಂಪನಿ ಹಳೆಯ ಕಾಲದ ಕತ್ತಿಗಳ ಪ್ರತಿರೂಪ ಮಾಡಿ ವಿದೇಶಕ್ಕೆ ಕಳಿಸುತ್ತದೆ, ಪ್ರತಿರೂಪ ಅಂತ ಹೇಳಿಯೇ ಮಾರುತ್ತದೆ. ಅದರಲ್ಲಿ ಮೋಸವೇನೂ ಇಲ್ಲ. ನಮ್ಮೂರ ಮಗ ರಾಜ್‌ಕುಮಾರ್ ‘ರಣಧೀರ ಕಂಠೀರವ’ದಲ್ಲಿ, ‘ಮಯೂರ’ದಲ್ಲಿ ಹಿಡಿದ ಕತ್ತಿ ಸಿನಿಮಾ ಕತ್ತಿ ಅಂತ ನಮಗೆಲ್ಲ ಗೊತ್ತು, ಆದರೂ ಶಿಳ್ಳೆ ಹೊಡೆಯುತ್ತೇವೆ. ಪ್ರತಿರೂಪವನ್ನು ಕೊಂಡುಕೊಂಡು, ಹೊಸ ಗುರುತು ಅಳಿಸಿ, ಮಣ್ಣಿನಲ್ಲಿ ಹೂತಿಟ್ಟು, ಇಸವಿ ಕೆತ್ತಿಸಿ ತರುವವನಿದ್ದಾನಲ್ಲ, ಮೋಸ ಅವನದು.

ಮಂಗಳವಾರ ಸಂಜೆ ಮತ್ತೆ ಹೋದೆವು. ಈ ಸಲ ಭೂತಗನ್ನಡಿ, ಟಾರ್ಚು, ಜೊತೆಗೆ ಕುಲುಮೆ ಆಚಾರ್ರನ್ನೂ ಕರೆದುಕೊಂಡು ಹೋಗಿದ್ದೆವು. ಕುಡುಗೋಲು, ಮಚ್ಚು, ನೇಗಿಲ ಗುಳ ಕಾಯಿಸಿ ಬಡಿದೇ ಕೂದಲು ಬೆಳ್ಳಗಾದವರು. ಅವರು ಜರ್ಮನಿ ಕಂಡವರಲ್ಲ. ಆದರೆ ಅಲಗು ಕೈಗೆ ತೆಗೆದುಕೊಂಡ ಕೂಡಲೇ ಹಿಡಿಯ ಹತ್ತಿರ ಕಿವಿಯಿಟ್ಟು ಒಮ್ಮೆ ಅಲ್ಲಾಡಿಸಿದರು. ಗಡಗಡ ಅಂತು.

“ಬೇಟೆಗ ಹೋಗವ ಹಿಂಗ ಅಲ್ಲಾಡದ್ನ ಹಿಡ್ಕಂಡು ಹಂದಿ ಮುಂದ ನಿಂತ್ಕತ್ತನಾ?” ಅಂದರು.

ಅಲಗೂ ಅಡ್ಡಪಟ್ಟಿಯೂ ಕೂಡುವ ಜಾಗದಲ್ಲಿ ಉಗುರು ತೂರುವಷ್ಟು ಸಂದು. ಒಳ್ಳೆಯ ಕೆಲಸಗಾರ ಆ ಸಂದು ಬಿಡುವುದಿಲ್ಲ, ನೀರು ಒಳಗೆ ಹೋದರೆ ತುಕ್ಕು ಹಿಡಿಯುತ್ತದೆ ಅಂತ ಅವನಿಗೆ ಗೊತ್ತು. ಹಿತ್ತಾಳೆಯ ಸಾರಂಗವನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬ ಸಣ್ಣ ಸಣ್ಣ ಗುಳ್ಳೆ, ಕಣ್ಣು ಮೂಗು ಕರಗಿದ ಮೇಣದ ಹಾಗೆ. ಅಂದರೆ ಹಳೆಯ ಒಂದು ಬಾಕಿನಿಂದ ಅಚ್ಚು ತೆಗೆದು ಎರಕ ಹೊಯ್ದದ್ದು. ನಕಲಿನ ನಕಲು ಆದಷ್ಟೂ ಚಿತ್ರದ ಅಂಚು ಮೊಂಡಾಗುತ್ತದೆ. ಅಂಚಿನಲ್ಲಿ ಅಚ್ಚಿನ ಎರಡು ಭಾಗ ಕೂಡಿದ ಗೆರೆಯನ್ನು ಉಜ್ಜುವುದಕ್ಕೂ ವ್ಯವಧಾನ ಇರಲಿಲ್ಲ ಅವನಿಗೆ.

ಆಮೇಲೆ ಸವೆತ. ಇದನ್ನು ನಮ್ಮ ಏಳನೇ ಕ್ಲಾಸಿನ ಹುಡುಗನೇ ಕಂಡುಹಿಡಿದದ್ದು, ಅವನಿಗೆ ಶಹಬ್ಬಾಸ್ ಹೇಳಲೇಬೇಕು. “ಸಾ, ನಮ್ಮನ ಒರಳುಗುಂಡು ಹಿಡ್ಕಣ ಜಾಗದಲ್ಲಿ ನುಣ್ಣಗದ. ಇದು ಎಲ್ಲ ಕಡೆ ಒಂದೇ ತರ ಅದಲ್ಲ ಸಾ?” ಎಷ್ಟು ಸರಿ! ಕೈ ಮುಟ್ಟುವ ಕಡೆ, ಒರೆಯ ಬಾಯಿ ಉಜ್ಜುವ ಕಡೆ, ಉಬ್ಬಿದ ಕಡೆ ಸವೆದಿರಬೇಕು. ತಗ್ಗಿನಲ್ಲಿ ಮಾತ್ರ ಕೊಳೆ ಉಳಿದಿರಬೇಕು. ಇಲ್ಲಿ ಉಬ್ಬಿನ ಮೇಲೂ ತಗ್ಗಿನಲ್ಲೂ ಒಂದೇ ಕಪ್ಪು. ಬಟ್ಟೆಯಲ್ಲಿ ತಿಕ್ಕಿದರೆ ಬೂಟ್ ಪಾಲಿಶಿನ ವಾಸನೆ. ತುಕ್ಕು ಕೂಡ ಹಾಗೇ. ಹಳೆಯ ತುಕ್ಕು ಕಡು ಕಂದು ಬಣ್ಣಕ್ಕೆ ತಿರುಗಿ ಕಬ್ಬಿಣಕ್ಕೆ ಗಟ್ಟಿಯಾಗಿ ಅಂಟಿರುತ್ತದೆ. ಉಪ್ಪು ಹುಳಿ ಹಾಕಿ ಬರಿಸಿದ ತುಕ್ಕು ಕಾವಿ ಬಣ್ಣದ ಪುಡಿ, ಬೆರಳಿಗೆ ಬರುತ್ತದೆ. ನಮ್ಮ ಬೆರಳುಗಳೆಲ್ಲ ಅವತ್ತು ಕಾವಿ!

ಅಲಗಿನ ಚಿತ್ರ ಇನ್ನೊಂದು. ಹಳಬರು ಅಲಗಿಗೆ ಮೇಣ ಬಳಿದು, ಗೀರಿ ಚಿತ್ರ ಬರೆದು, ಆಸಿಡ್ಡಿನಿಂದ ಕೊರೆಸುತ್ತಿದ್ದರು. ಗೆರೆಗೆ ಆಳವಿರುತ್ತದೆ, ಕೈಬರಹದ ಹಾಗೆ ಅಲ್ಲಲ್ಲಿ ದಪ್ಪ ಸಣ್ಣ ಇರುತ್ತದೆ. ಇದರಲ್ಲಿ ಎಲ್ಲ ಗೆರೆಯೂ ಒಂದೇ ದಪ್ಪ, ಬೂದು ಬಣ್ಣ, ಉಗುರಿಗೆ ತಡೆಯುವುದೇ ಇಲ್ಲ. ಸ್ಟೀಲ್ ಪಾತ್ರೆಯ ಮೇಲೆ ಮದುವೆಗೆ ಹೆಸರು ಬರೆಸುತ್ತೇವಲ್ಲ, ಹಾಗೆ.

ಹಿಡಿಯ ‘ಕೊಂಬು’ ಪ್ಲಾಸ್ಟಿಕ್ಕು. ಎಡಗಡೆಯ ಗಂಟುಗಳೂ ಬಲಗಡೆಯ ಗಂಟುಗಳೂ ಒಂದಕ್ಕೊಂದು ಪಡಿಯಚ್ಚು. ಯಾವ ಜಿಂಕೆಗೂ ದೇವರು ಅಷ್ಟು ಅಚ್ಚುಕಟ್ಟಾಗಿ ಕೊಂಬು ಕೊಟ್ಟಿಲ್ಲ. ಪ್ಲಾಸ್ಟಿಕ್ಕಾಗಿದ್ದದ್ದೇ ಪುಣ್ಯ ಅನ್ನಿ! ಜಿಂಕೆ, ಕಡವೆಗಳ ಕೊಂಬನ್ನು ಅನುಮತಿಯಿಲ್ಲದೆ ವ್ಯಾಪಾರ ಮಾಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹುಲಿ ಸಂರಕ್ಷಿತ ಕಾಡಿನ ಅಂಚಿನಲ್ಲಿ ಮನೆ ಇಟ್ಟುಕೊಂಡವರು ಆ ಕಡೆ ಕೈ ಹಾಕಲೇಬಾರದು. ದಂತದ ಹಿಡಿಯ ಕತ್ತಿಯ ವಿಷಯದಲ್ಲಂತೂ ಇನ್ನೂ ಜೋಪಾನ. ಹಳೆಯ ಕತ್ತಿಗಳಲ್ಲಿ ದಂತದ ಹಿಡಿ ಇರುವುದುಂಟು. ಕಡಿದ ಅಡ್ಡ ಮೈಯಲ್ಲಿ ಗೆರೆಗಳು ಒಂದನ್ನೊಂದು ಕತ್ತರಿಸಿ ಜಾಲರಿಯಂತೆ ಕಂಡರೆ ದಂತ, ಸೂಜಿಮೊನೆಯಂಥ ಕಪ್ಪು ಚುಕ್ಕೆ ಕಂಡರೆ ಮೂಳೆ. 1986ರ ತಿದ್ದುಪಡಿಯಿಂದ ಭಾರತದ ಆನೆಯ ದಂತದ ವ್ಯಾಪಾರವೇ ನಿಂತಿದೆ. ಅಂದರೆ ಅಲ್ಲಿ ಕತ್ತಿ ಅಸಲಿಯಾದಷ್ಟೂ ತೊಂದರೆ ಹೆಚ್ಚು. ದಂತಕ್ಕಾಗಿ ಈ ಕಾಡಿನಲ್ಲಿ ಏನೇನಾಯಿತು ಅಂತ ನಮ್ಮೂರಿನವರಿಗೆ ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದರೂ ಹುಡುಗಿಯ ಅಪ್ಪನಿಗೆ ಸಮಾಧಾನವಿಲ್ಲ. “ಹಳೇ ಸಾಮಾನು ಮೇಷ್ಟ್ರೇ, ಹಂಗೇ ಇರ್ತದ. ಇಲ್ಲಿ ನೋಡಿ, ಬರ್ದದಲ್ಲ” ಅಂತ ಅಲಗಿನ ಬುಡ ತೋರಿಸಿದರು. ಅಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ‘ಮೇಡ್ ಇನ್ ಜರ್ಮನಿ’ ಅಂತ ಇತ್ತು.

ಅದನ್ನು ನೋಡಿದ ಕೂಡಲೇ ನಮ್ಮ ಕೆಲಸ ಸುಲಭವಾಯಿತು!

ಜರ್ಮನಿಯ ಚಿಕ್ಕಚಿಕ್ಕ ರಾಜ್ಯಗಳೆಲ್ಲ ಕೂಡಿ ಒಂದು ಸಾಮ್ರಾಜ್ಯವಾದದ್ದು 1871ರಲ್ಲಿ. ಹತ್ತನೇ ಕ್ಲಾಸಿನ ಪಾಠ. 1845ರಲ್ಲಿ ಜೋಲಿಂಗೆನ್ ಇದ್ದದ್ದು ಪ್ರಷ್ಯಾ ರಾಜ್ಯದಲ್ಲಿ. ‘ಮೇಡ್ ಇನ್ ಜರ್ಮನಿ’ ಅಂತ ಇಂಗ್ಲಿಷಿನಲ್ಲಿ ಬರೆಯುವ ಪದ್ಧತಿ ಶುರುವಾದದ್ದು ಇನ್ನೂ ತಡವಾಗಿ. ಅದರ ಹಿಂದೆಯೂ ಒಂದು ನಕಲಿಯ ಕಥೆಯೇ ಇದೆ. ಇಂಗ್ಲೆಂಡಿನ ಶೆಫೀಲ್ಡ್ ಚಾಕು ಕತ್ತರಿಗೆ ಹೆಸರಾದ ಊರು. ಜರ್ಮನಿಯಿಂದ ಅಗ್ಗದ ಚಾಕುಗಳು ಶೆಫೀಲ್ಡಿನ ಮುದ್ರೆ ಹೊತ್ತು ಮಾರುಕಟ್ಟೆಗೆ ಬರುತ್ತಿವೆ ಅಂತ ಅಲ್ಲಿಯವರು ಗಲಾಟೆ ಮಾಡಿದರು. ಬ್ರಿಟನ್ನಿನ ಪಾರ್ಲಿಮೆಂಟು 1887ರಲ್ಲಿ ಸರಕಿನ ಮುದ್ರೆಗಳ ಕಾಯ್ದೆ ತಂದಿತು. ಆಮೇಲೆ ಹೊರಗಿನ ಸರಕಿನ ಮೇಲೆ ಹುಟ್ಟಿದ ದೇಶದ ಹೆಸರು ಕಾಣಿಸತೊಡಗಿತು. ಅವಮಾನ ಮಾಡಲಿಕ್ಕೆ ಹಾಕಿಸಿದ ಮುದ್ರೆ ಕೊನೆಗೆ ಜರ್ಮನಿಗೆ ಒಳ್ಳೆಯ ಹೆಸರು ತಂದದ್ದು ಬೇರೆ ಮಾತು. ಅಮೆರಿಕವೂ 1890ರ ಸುಂಕದ ಕಾಯ್ದೆಯಲ್ಲಿ ಇಂಥದ್ದೇ ನಿಯಮ ಮಾಡಿತು.

ಅಲ್ಲಿಗೆ, 1845ರ ಬಾಕಿನ ಮೇಲೆ ‘ಮೇಡ್ ಇನ್ ಜರ್ಮನಿ’ ಇರುವುದು ಅಂದರೆ ಅಶೋಕನ ಶಾಸನದಲ್ಲಿ ಪಿನ್‌ಕೋಡ್ ಇದ್ದ ಹಾಗೆ. ಇದನ್ನು ಹೇಳಿದಾಗ ಹುಡುಗರು ಬಿದ್ದೂ ಬಿದ್ದೂ ನಕ್ಕರು. ಹುಡುಗಿಯ ಅಪ್ಪ ನಗಲಿಲ್ಲ. ಬಹಳ ಹೊತ್ತು ಸುಮ್ಮನೆ ಕೂತಿದ್ದು, “ಹತ್ತು ಸಾವ್ರ ಕಣಮ್ಮಿ” ಅಂತ ಮಗಳ ಕಡೆ ನೋಡಿದರು. ನಕ್ಕದ್ದಕ್ಕೆ ನಮಗೂ ನಾಚಿಕೆಯಾಯಿತು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇವೆ. ಮುದ್ರೆ ಇಲ್ಲ ಅಂದಮಾತ್ರಕ್ಕೆ ಹಳೆಯದು ಅಂತಲ್ಲ. ಬುದ್ಧಿವಂತ ಮೋಸಗಾರ ಏನೂ ಬರೆಯದೆಯೇ ಮಾರುತ್ತಾನೆ. ಅಳಿಲು, ತಕ್ಕಡಿಯ ಮುದ್ರೆಗಳನ್ನೂ ಒತ್ತುತ್ತಾರೆ. ಟಿಪ್ಪುವಿನ ಆ ಕತ್ತಿಗೆ ಅಷ್ಟು ಬೆಲೆ ಬಂದದ್ದು ಉಕ್ಕು ಚಿನ್ನದ ಕೆಲಸಕ್ಕೆ ಮಾತ್ರ ಅಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದನ್ನು ಜನರಲ್ ಬೇರ್ಡ್‌ಗೆ ಕೊಟ್ಟರು ಅನ್ನುವುದಕ್ಕೆ ಬರಹದ ಆಧಾರ ಇದ್ದದ್ದರಿಂದ. ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನುವ ದಾಖಲೆ ಇಲ್ಲದಿದ್ದರೆ ದೊರೆಯ ಕಥೆ ಬರೀ ಕಥೆ. ಹಾಗೆಯೇ ನೂರು ವರ್ಷಕ್ಕೆ ಮೇಲ್ಪಟ್ಟ ಕಲಾವಸ್ತುಗಳ ವ್ಯಾಪಾರಕ್ಕೆ 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕು. ಬೈಕಿನ ಡಿಕ್ಕಿಯಲ್ಲಿ ‘ಪುರಾತನ ವಸ್ತು’ ಇಟ್ಟುಕೊಂಡು ಬರುವವನನ್ನು ಮೊದಲು ಕೇಳಬೇಕಾದದ್ದು ಅದನ್ನೇ.

ಇನ್ನೇನು ಏಳಬೇಕು, ಆಗ ಆಚಾರ್ರು, “ಅವ ಕೇಳ್ದ್ನಲ್ಲ, ಆ ಹಳೇ ಕತ್ತಿ ಎಲ್ಲದ?” ಅಂದರು.

ಹುಡುಗಿಯ ತಾಯಿ ಅಡುಗೆಮನೆಯಿಂದ ತಂದರು. ಬಾಳೆ ಎಲೆ ಕೊಯ್ಯುವುದಕ್ಕೆ, ತೆಂಗಿನಕಾಯಿ ನಾರು ಬಿಡಿಸುವುದಕ್ಕೆ ಬಳಸುತ್ತಿದ್ದರಂತೆ. ಸ್ವಲ್ಪ ಬಾಗಿದ ಗಿಡ್ಡ ಅಲಗು, ಕಪ್ಪು ಹಿಡಿ, ಹಿಡಿಯ ತುದಿ ಹಕ್ಕಿಯ ತಲೆಯಂತೆ ಬಿರಿದಿದೆ. ಮರದ ಒರೆ, ಅದಕ್ಕೆ ಕಪ್ಪಾದ ಲೋಹದ ಪಟ್ಟಿ, ಸರಪಳಿ ಇದ್ದ ಒಂದು ಬಳೆ. ಸರಪಳಿ ಇಲ್ಲ.

ಇದನ್ನು ನಾವು ಎಲ್ಲೋ ನೋಡಿದ್ದೇವೆ ಅನ್ನಿಸಿತು. ಹೌದು, ಮಡಿಕೇರಿಗೆ ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋದಾಗ, ಕೋಟೆಯೊಳಗಿನ ಹಳೇ ಚರ್ಚಿನಲ್ಲಿದ್ದ ವಸ್ತುಸಂಗ್ರಹಾಲಯದಲ್ಲಿ. ಪೀಚೆಕತ್ತಿ! ಕೊಡವರು ಕುಪ್ಯದ ಮೇಲೆ ಚೇಲೆ ಬಿಗಿದು ಮುಂದೆ ಸಿಕ್ಕಿಸಿಕೊಳ್ಳುವ ಬಾಕು. ಬೆನ್ನ ಹಿಂದೆ ತೋಡಂಗ್‌ಗೆ ಸಿಕ್ಕಿಸುವ ಅಗಲದ ಕತ್ತಿ ಒಡಿಕತ್ತಿ, ಅದು ಬೇರೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಬಂದೂಕಿನ ಜೊತೆ ಇವಕ್ಕೂ ಪೂಜೆ. ಹುಡುಗಿಯ ತಾತ ಕೊಡಗಿನ ಕಾಫಿ ತೋಟದಲ್ಲಿ ಬಹಳ ವರ್ಷ ಮೇಸ್ತ್ರಿಯಾಗಿದ್ದರಂತೆ. ಊರಿಗೆ ವಾಪಸು ಬರುವಾಗ ತೋಟದ ಯಜಮಾನರು ಇದನ್ನು ಕೈಯಲ್ಲಿಟ್ಟು ಕಳಿಸಿದರಂತೆ.

ಆಚಾರ್ರು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಸಾಣೆ ಹಿಡಿದೂ ಹಿಡಿದೂ ಅಲಗು ನಡುವೆ ತೆಳ್ಳಗಾಗಿ ತುದಿಯಲ್ಲಿ ಮಾತ್ರ ಅಗಲ ಉಳಿದಿತ್ತು. ಹಿಡಿಯ ಒಂದು ಪಕ್ಕ, ಹೆಬ್ಬೆರಳು ಕೂರುವ ಕಡೆ, ನುಣ್ಣಗೆ ಹೊಂಡ ಬಿದ್ದಿತ್ತು. ಅಲಗು ಒರೆಗೆ ತಾಗುವ ಜಾಗದಲ್ಲೇ ಒರೆಯ ಮರ ಸವೆದಿತ್ತು, ಬೇರೆ ಕಡೆ ಇಲ್ಲ. ಲೋಹದ ಪಟ್ಟಿಯ ಬಳ್ಳಿ ಹೂವಿನ ಕೆತ್ತನೆಯಲ್ಲಿ ಒಂದು ಹೂವಿದ್ದ ಹಾಗೆ ಇನ್ನೊಂದಿಲ್ಲ. ಹುಣಸೆಹಣ್ಣು ಹಚ್ಚಿ ಒಂದು ಮೂಲೆ ತಿಕ್ಕಿದರೆ ಬೆಳ್ಳಿ ಬಿಳುಪು ಕಂಡಿತು. ಹಿಡಿ ದಂತವೇನೋ ಅಂತ ನಮಗೆ ಎದೆ ಡವಡವ. “ಎಮ್ಮೆ ಕೊಂಬು ಸಾ, ಹೆದರ್ಕಬ್ಯಾಡಿ” ಅಂದರು ಆಚಾರ್ರು. ಅಲಗನ್ನು ಉಗುರಿನಿಂದ ಮೀಟಿದರೆ ಗಂಟೆಯ ಹಾಗೆ ಸಣ್ಣಗೆ ಕೊಯ್ಯ್ ಅಂತು. ಬುಧವಾರ ಬ್ರೋಕರ್ 30,000ದ ಜೊತೆಗೆ ‘ಅದೊಂದು ಹಳೇ ಕತ್ತಿ’ ಯಾಕೆ ಕೇಳಿದ್ದ ಅಂತ ನಮಗೆ ಆಗ ಅರ್ಥವಾಯಿತು. ಅವನಿಗೆ ಅಸಲಿ ಗುರುತಿಸಲು ಬರುತ್ತಿತ್ತು. ನಮಗೆ ಬರುತ್ತಿರಲಿಲ್ಲ.

ಹುಡುಗಿಯ ಅಪ್ಪ ಸ್ಟೀಲ್ ಡಬ್ಬಿಯಿಂದ ಸ್ಕ್ರಬ್ಬರ್ ತೆಗೆದು ತಾತನ ಕತ್ತಿಯನ್ನು ಫಳಫಳ ಮಾಡಲು ಹೊರಟರು. ನಾವು ಮೂವರೂ ಒಟ್ಟಿಗೆ “ಬೇಡಾಣ್ಣ!” ಅಂತ ಕೂಗಿದೆವು. ಆ ಕಪ್ಪು ಅದರ ವಯಸ್ಸು. ಉಜ್ಜಿ ತೆಗೆದರೆ ಮತ್ತೆ ಹಚ್ಚಲು ಬರುವುದಿಲ್ಲ. ತೆಂಗಿನೆಣ್ಣೆ ಕೂಡ ಬೇಡ, ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿಟ್ಟರೆ ಸಾಕು ಅಂದೆವು.

ಬುಧವಾರ ನಾವೆಲ್ಲ ಜಗುಲಿಯಲ್ಲಿ ಕಾದೆವು. ಬ್ರೋಕರ್ ಬರಲಿಲ್ಲ. ಊರಲ್ಲಿ ಮಾತು ಹೋಗಿರಬೇಕು. ಫೋನು ಸ್ವಿಚ್ ಆಫ್, ಬೆಂಗಳೂರಿನ ‘4 ಲಕ್ಷದ’ ಫೋನೂ ಸ್ವಿಚ್ ಆಫ್. ಪೊಲೀಸರಿಗೆ ದೂರು ಕೊಡಿ ಅಂದರೆ, “ಊರವರ ಮುಂದ ಇನ್ನ ನಗೆಪಾಟಲು ಯಾಕ ಮೇಷ್ಟ್ರೇ” ಅಂದುಬಿಟ್ಟರು. ನಾವು ಎಷ್ಟು ಹೇಳಿದರೂ ಕೇಳಲಿಲ್ಲ. 10,000 ಹೋದದ್ದು ಹೋಯಿತು. ಉಳಿದ 30,000ದಲ್ಲಿ ಮೊದಲ ಕಂತು ಕಟ್ಟಿ ಹುಡುಗಿ ಕಾಲೇಜಿಗೆ ಸೇರಿದಳು. ಕಡಿಮೆ ಬಿದ್ದದ್ದಕ್ಕೆ ಅವರಮ್ಮ ಅವರೆ ಬಿಡಿಸುವ ಕೂಲಿಗೆ ಹೋದರು, ಅಪ್ಪ ಅರಿಶಿನ ಬೇಯಿಸುವ ಕಡೆ ರಾತ್ರಿ ಪಾಳಿ ಮಾಡಿದರು.

ಜರ್ಮನಿಯ ಬಾಕು ಆಚಾರ್ರ ಕುಲುಮೆಗೆ ಹೋಯಿತು. ಕುಡುಗೋಲಾದರೂ ಮಾಡೋಣ ಅಂತ ಕಾಯಿಸಿ, ಬಡಿದು, ನೀರಿಗೆ ಅದ್ದಿ ನೋಡಿದರು. ಹದ ಕೂರಲಿಲ್ಲ, ಹುಲ್ಲಿಗೆ ಹಾಕಿದರೆ ಮಡಚಿಕೊಂಡಿತು. ಹಿತ್ತಾಳೆಯ ಸಾರಂಗಕ್ಕೆ ಗುಜರಿಯವನು 120 ರೂಪಾಯಿ ಕೊಟ್ಟ.

ಪೀಚೆಕತ್ತಿಯನ್ನು ಅಪ್ಪ ದೇವರ ಗೂಡಿನಲ್ಲಿ ಇಟ್ಟಿದ್ದಾರೆ. ಮನೆಗೆ ನೆಂಟರು ಬಂದ ದಿನ, ಅವರು ಹೊಲಕ್ಕೆ ಹೋದದ್ದು ನೋಡಿಕೊಂಡು, ತಾಯಿ ಅದನ್ನೇ ಇಳಿಸಿಕೊಂಡು ಬಾಳೆ ಎಲೆ ಕೊಯ್ದು ಮತ್ತೆ ಅಲ್ಲೇ ಇಡುತ್ತಾರೆ.